ವಿಮಾನದ ಬಾಗಿಲಿನಿಂದ ಅಂಗಡಿಯ ಬಾಗಿಲಿನವರೆಗೆ: ವಿದೇಶದಿಂದ ಮರಳುವ ವರ್ತಕರು ಅರಿತಿರಬೇಕಾದ ಲೆಕ್ಕ

ವಿದೇಶದ ವ್ಯಾಪಾರ ಮೇಳಕ್ಕೆ ಹೊರಡುವ ವರ್ತಕರು ಹೋಗುವ ದಾರಿಯ ಸಿದ್ಧತೆಯನ್ನು ತಿಂಗಳ ಮೊದಲೇ ಆರಂಭಿಸುತ್ತಾರೆ. ಪಾಸ್‌ಪೋರ್ಟು, ವೀಸಾ, ವಿದೇಶಿ ವಿನಿಮಯ, ಹೋಟೆಲು, ಭೇಟಿ ಮಾಡಬೇಕಾದ ಸಂಸ್ಥೆಗಳ ಪಟ್ಟಿ, ಇವೆಲ್ಲವೂ ಕ್ರಮಬದ್ಧವಾಗಿರುತ್ತವೆ. ಬರುವ ದಾರಿಯ ವಿಷಯದಲ್ಲಿ ಮಾತ್ರ ‘ಬೆಂಗಳೂರು ಮುಟ್ಟಿದರೆ ಮನೆ ಮುಟ್ಟಿದಂತೆಯೇ’ ಎಂಬ ಭಾವನೆ ಸಾಮಾನ್ಯವಾಗಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಯ ವರ್ತಕರಿಗೆ ಈ ಭಾವನೆ ದುಬಾರಿಯಾದುದು. ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಕೂಡ್ಲಿಗಿಗೆ ಸುಮಾರು 300 ಕಿಲೋಮೀಟರ್ ಇದೆ. ಉಳಿದ ನಾಲ್ಕು ಊರುಗಳಿಗೂ ಅರ್ಧ ದಿನದ ಪ್ರಯಾಣ ಬಾಕಿ ಇರುತ್ತದೆ. ಅದಕ್ಕೂ ಮೊದಲು, ನಿಲ್ದಾಣದ ಒಳಗೇ ದಾಟಬೇಕಾದ ಮೂರು ಬಾಗಿಲುಗಳಿವೆ.

ವಿಷಯವು ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಕೊಟ್ಟೂರಿನ ಎಣ್ಣೆ ಗಿರಣಿಯ ಮಾಲೀಕರೊಬ್ಬರು ಚೀನಾದ ಗುವಾಂಗ್‌ಝೌ ನಗರದ ಕ್ಯಾಂಟನ್ ಮೇಳಕ್ಕೆ ಹೋಗಿ ಮರಳುತ್ತಿದ್ದಾರೆ. 1957ರಿಂದ ನಡೆದುಬಂದಿರುವ ಈ ಮೇಳವು ವರ್ಷಕ್ಕೆ ಎರಡು ಬಾರಿ, ವಸಂತ ಮತ್ತು ಶರತ್ಕಾಲಗಳಲ್ಲಿ ಜರುಗುತ್ತದೆ. ಸಿಂಗಪುರದ ಮೂಲಕ ಬರುವ ವಿಮಾನ ಬೆಂಗಳೂರಿನಲ್ಲಿ ಇಳಿಯುವುದು ರಾತ್ರಿ ಹನ್ನೊಂದಕ್ಕೆ. ಅವರ ಪೆಟ್ಟಿಗೆಯಲ್ಲಿ ಬಟ್ಟೆಬರೆಗಳ ಜೊತೆಗೆ ಮನೆಯವರಿಗೆ ತಂದ ಉಡುಗೊರೆಗಳೂ ಗಿರಣಿಗೆ ಬೇಕಾದ 60,000 ರೂಪಾಯಿ ಬೆಲೆಯ ಬಿಡಿಭಾಗಗಳೂ ಇವೆ. ಜೇಬಿನಲ್ಲಿ ಖರ್ಚಾಗದೆ ಉಳಿದ ಡಾಲರುಗಳಿವೆ. ಕೊಟ್ಟೂರಿನಿಂದ ಕಾರೊಂದು ಬೆಳಗ್ಗೆಯೇ ಹೊರಟು ಬಂದು ಕಾಯುತ್ತಿದೆ. ಈ ಚಿತ್ರದಲ್ಲಿ ನಷ್ಟಕ್ಕೆ ಎಡೆಮಾಡಿಕೊಡುವ ಸಂಗತಿಗಳು ನಾಲ್ಕಾದರೂ ಇವೆ. ಅವನ್ನು ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಮೊದಲನೆಯ ಬಾಗಿಲು: ವಲಸೆ ತಪಾಸಣೆ

2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಅಲ್ಲಿದ್ದುದು ಒಂದೇ ಟರ್ಮಿನಲ್. ಎರಡನೆಯ ಟರ್ಮಿನಲ್ 2022ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡಿತು. 2023ರ ಸೆಪ್ಟೆಂಬರ್ 12ರಿಂದ ಅಂತಾರಾಷ್ಟ್ರೀಯ ವಿಮಾನಗಳು ಈ ಎರಡನೆಯ ಟರ್ಮಿನಲ್‌ಗೆ ಸ್ಥಳಾಂತರಗೊಂಡವು. ಹಳೆಯ ನೆನಪಿನ ಮೇಲೆ ಬರುವ ಚಾಲಕರು ಮೊದಲನೆಯ ಟರ್ಮಿನಲ್ ಬಳಿ ಕಾಯುತ್ತಾ, ಮಾಲೀಕರು ಎರಡನೆಯದರಲ್ಲಿ ಹುಡುಕುತ್ತಾ ಒಂದು ಗಂಟೆ ಕಳೆಯುವುದಕ್ಕೆ ಇದೇ ಕಾರಣ. ಊರಿನಿಂದ ಕಾರು ಹೊರಡುವ ಮುನ್ನವೇ ಚಾಲಕರಿಗೆ ಟರ್ಮಿನಲ್ ಸಂಖ್ಯೆಯನ್ನೂ ವಿಮಾನದ ಸಂಖ್ಯೆಯನ್ನೂ ಬರೆದು ಕೊಡತಕ್ಕದ್ದು. ವಿದೇಶದ ಸಿಮ್ ಹಾಕಿದ ಮೊಬೈಲು ಇಲ್ಲಿ ಕೂಡಲೇ ಕೆಲಸ ಮಾಡದೆ ಇರಬಹುದು. ಆದ್ದರಿಂದ ಚಾಲಕರ ದೂರವಾಣಿ ಸಂಖ್ಯೆಯು ಒಂದು ಚೀಟಿಯಲ್ಲಿಯೂ ಇರುವುದು ಒಳಿತು.

ಹೊರನಾಡಿನಿಂದ ಮರಳುವ ಭಾರತೀಯರು ಈಗ ಆಗಮನ ಚೀಟಿಯನ್ನು ತುಂಬಬೇಕಾಗಿಲ್ಲ. ಆ ಪದ್ಧತಿ 2014ರಲ್ಲಿಯೇ ಕೊನೆಗೊಂಡಿತು. ವರ್ಷಕ್ಕೆ ಹಲವು ಬಾರಿ ಹೋಗಿಬರುವ ವರ್ತಕರಿಗೆ ಕೇಂದ್ರ ಗೃಹ ಇಲಾಖೆಯ ತ್ವರಿತ ವಲಸೆ ಯೋಜನೆಯು ಉಪಯುಕ್ತ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಆರಂಭವಾದ ಈ ಯೋಜನೆ 2025ರ ಜನವರಿಯಲ್ಲಿ ಬೆಂಗಳೂರಿಗೂ ವಿಸ್ತರಣೆಯಾಯಿತು. ಅಂತರ್ಜಾಲದಲ್ಲಿ ಅರ್ಜಿ ಸಲ್ಲಿಸಿ ಬೆರಳಚ್ಚು ನೀಡಿ ಒಮ್ಮೆ ನೋಂದಣಿಯಾದರೆ, ಸರತಿಯಲ್ಲಿ ನಿಲ್ಲದೆ ಯಾಂತ್ರಿಕ ದ್ವಾರದ ಮೂಲಕವೇ ಹೊರಬರಬಹುದು.

2. ಎರಡನೆಯ ಬಾಗಿಲು: ಸಾಮಾನು ಬರುವ ಪಟ್ಟಿ

ಸಾಮಾನು ಬಾರದಿದ್ದರೆ ಅಥವಾ ಒಡೆದು ಬಂದಿದ್ದರೆ ಅನೇಕರು ‘ನಾಳೆ ಫೋನ್ ಮಾಡಿದರಾಯಿತು’ ಎಂದು ಹೊರಟುಬಿಡುತ್ತಾರೆ. ಇದು ತಪ್ಪು. ಆ ಸಭಾಂಗಣವನ್ನು ಬಿಡುವ ಮೊದಲೇ ವಿಮಾನ ಸಂಸ್ಥೆಯ ಕೌಂಟರಿನಲ್ಲಿ ಲಿಖಿತ ದೂರು ದಾಖಲಿಸಿ ಅದರ ಪ್ರತಿಯನ್ನು ಪಡೆಯತಕ್ಕದ್ದು. ಅಂತಾರಾಷ್ಟ್ರೀಯ ವಿಮಾನಯಾನಕ್ಕೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತವು 2009ರಲ್ಲಿ ಸೇರಿದೆ. ಆ ಒಪ್ಪಂದದ ಪ್ರಕಾರ ಸಾಮಾನಿಗೆ ಹಾನಿಯಾಗಿದ್ದರೆ, ಅದು ಕೈಸೇರಿದ 7 ದಿನಗಳೊಳಗೆ ಲಿಖಿತ ದೂರು ನೀಡಬೇಕು. ತಡವಾಗಿ ಬಂದಿದ್ದರೆ, ಅದು ಕೈಸೇರಿದ 21 ದಿನಗಳೊಳಗೆ ನೀಡಬೇಕು. ಈ ಗಡುವು ಮೀರಿದರೆ ಪರಿಹಾರ ಕೇಳುವ ಹಕ್ಕೇ ಹೋಗುತ್ತದೆ. ಚೆಕ್ಕಿನ ವಾಯಿದೆಯನ್ನು ನೆನಪಿಡುವ ವರ್ತಕರಿಗೆ ಈ ವಾಯಿದೆಯನ್ನು ನೆನಪಿಡುವುದು ಕಷ್ಟವಾಗಲಾರದು.

ವಿಮಾನ ಸಂಸ್ಥೆಯ ಹೊಣೆಗಾರಿಕೆಗೆ ಒಂದು ಮಿತಿಯೂ ಉಂಟು. ಆದ್ದರಿಂದ ಬೆಲೆಬಾಳುವ ಮಾದರಿಗಳು, ಒಪ್ಪಂದದ ಮೂಲ ಕಾಗದಗಳು, ಬಿಲ್ಲುಗಳು ಇವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು ವಿವೇಕ. ಬೋರ್ಡಿಂಗ್ ಪಾಸಿನ ತುಂಡು ಮತ್ತು ಸಾಮಾನಿನ ಚೀಟಿಯನ್ನು ಊರು ಸೇರುವವರೆಗೆ ಎಸೆಯಬಾರದು.

ಇಲ್ಲಿ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಹಡಗಲಿಯ ಅಥವಾ ಹರಪನಹಳ್ಳಿಯ ವರ್ತಕರು ದುಬೈನಿಂದ ಬೆಂಗಳೂರು ಅಥವಾ ಮುಂಬಯಿಗೆ ಬಂದು, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಹುಬ್ಬಳ್ಳಿಗೆ ಹೋಗುವ ಯೋಜನೆ ಹಾಕಿಕೊಳ್ಳುವುದುಂಟು. ಕರ್ನಾಟಕದಲ್ಲಿ ವಿದೇಶದ ವಿಮಾನಗಳು ಬಂದಿಳಿಯುವುದು ಬೆಂಗಳೂರು ಮತ್ತು ಮಂಗಳೂರುಗಳಲ್ಲಿ ಮಾತ್ರ. ಹುಬ್ಬಳ್ಳಿ ದೇಶೀಯ ನಿಲ್ದಾಣ. ಹೀಗಾಗಿ ಸಾಮಾನಿಗೆ ‘ಹುಬ್ಬಳ್ಳಿ’ ಎಂಬ ಚೀಟಿ ಅಂಟಿಸಿದ್ದರೂ, ಸಾಮಾನ್ಯವಾಗಿ ದೇಶದ ಮೊದಲ ನಿಲ್ದಾಣದಲ್ಲಿಯೇ ಅದನ್ನು ಪಟ್ಟಿಯಿಂದ ಎತ್ತಿಕೊಂಡು, ಸುಂಕದ ತಪಾಸಣೆ ಮುಗಿಸಿ, ಮತ್ತೆ ಒಪ್ಪಿಸಬೇಕಾಗುತ್ತದೆ. ಇದಕ್ಕೆ ಬೇಕಾದ ಸಮಯವನ್ನು ಮೊದಲೇ ಲೆಕ್ಕ ಹಿಡಿಯತಕ್ಕದ್ದು. ಎರಡೂ ವಿಮಾನಗಳು ಒಂದೇ ಟಿಕೆಟ್ಟಿನಲ್ಲಿದ್ದರೆ, ಮೊದಲನೆಯದು ತಡವಾದಾಗ ಮುಂದಿನ ವ್ಯವಸ್ಥೆಯ ಹೊಣೆ ವಿಮಾನ ಸಂಸ್ಥೆಯದು. ಅಗ್ಗವೆಂದು ಎರಡು ಪ್ರತ್ಯೇಕ ಟಿಕೆಟ್ಟುಗಳನ್ನು ಕೊಂಡಿದ್ದರೆ, ತಪ್ಪಿಹೋದ ಎರಡನೆಯ ವಿಮಾನದ ಹಣ ಪ್ರಯಾಣಿಕರ ನಷ್ಟದ ಖಾತೆಗೇ ಸೇರುತ್ತದೆ.

3. ಮೂರನೆಯ ಬಾಗಿಲು: ಹಸಿರೋ, ಕೆಂಪೋ?

ವರ್ತಕರಿಗೆ ಅತಿ ಮುಖ್ಯವಾದ ಬಾಗಿಲು ಇದೇ. ಘೋಷಿಸಬೇಕಾದುದು ಏನೂ ಇಲ್ಲದವರು ಹಸಿರು ದಾರಿಯಲ್ಲಿಯೂ, ಇರುವವರು ಕೆಂಪು ದಾರಿಯಲ್ಲಿಯೂ ಹೋಗಬೇಕು. 1962ರ ಸುಂಕ ಕಾಯಿದೆಯ 77ನೆಯ ಕಲಮಿನ ಪ್ರಕಾರ ತನ್ನ ಸಾಮಾನಿನ ವಿವರವನ್ನು ಘೋಷಿಸುವುದು ಪ್ರಯಾಣಿಕನ ಕರ್ತವ್ಯ. ಹಸಿರು ದಾರಿಗೆ ಕಾಲಿಡುವುದೆಂದರೆ ‘ಸುಂಕಕ್ಕೆ ಒಳಪಡುವ ವಸ್ತು ಇಲ್ಲ’ ಎಂದು ಬಾಯಿ ತೆರೆಯದೆ ಹೇಳಿದಂತೆ.

ವೈಯಕ್ತಿಕ ಬಳಕೆಯ ವಸ್ತುಗಳಿಗೆ ವಿನಾಯಿತಿ ಉಂಟು. 2016ರ ಬ್ಯಾಗೇಜು ನಿಯಮಗಳಲ್ಲಿ 50,000 ರೂಪಾಯಿ ಇದ್ದ ಸಾಮಾನ್ಯ ಮಿತಿಯು, 2026ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳಲ್ಲಿ 75,000 ರೂಪಾಯಿಗೆ ಏರಿದೆ. ಗಂಡ ಹೆಂಡತಿ ಒಟ್ಟಿಗೆ ಬಂದರೂ ಇಬ್ಬರ ಮಿತಿಯನ್ನು ಕೂಡಿಸಿ ಒಂದೇ ವಸ್ತುವಿಗೆ ಬಳಸಿಕೊಳ್ಳುವಂತಿಲ್ಲ.

ಮೇಲಿನ ಉದಾಹರಣೆಯ ಗಿರಣಿ ಮಾಲೀಕರು ಎಡವುವುದು ಇಲ್ಲಿಯೇ. ‘ಮಿತಿ 75,000, ಬಿಡಿಭಾಗಗಳ ಬೆಲೆ 60,000, ಆದ್ದರಿಂದ ಚಿಂತೆಯಿಲ್ಲ’ ಎಂದು ಅವರು ಹಸಿರು ದಾರಿ ಹಿಡಿಯಬಹುದು. ಆದರೆ ವಿನಾಯಿತಿಯು ಪ್ರಯಾಣಿಕನ ಸ್ವಂತ ಬಳಕೆಯ ವಸ್ತು ಮತ್ತು ಉಡುಗೊರೆಗಳಿಗೆ ಮಾತ್ರ. ವ್ಯಾಪಾರಕ್ಕೆ ಅಥವಾ ಕಾರ್ಖಾನೆಗೆ ತಂದ ಸರಕು, ಅದರ ಬೆಲೆ ಎಷ್ಟೇ ಕಡಿಮೆಯಿರಲಿ, ಈ ವಿನಾಯಿತಿಯ ವ್ಯಾಪ್ತಿಗೆ ಬರುವುದಿಲ್ಲ. ಘೋಷಿಸದೆ ತಂದ ಸರಕನ್ನು ಮುಟ್ಟುಗೋಲು ಹಾಕಿಕೊಳ್ಳಲು ಕಾಯಿದೆಯ 111ನೆಯ ಕಲಮು, ದಂಡ ವಿಧಿಸಲು 112ನೆಯ ಕಲಮು, ಬಿಡುಗಡೆಗೆ ಜುಲ್ಮಾನೆ ಕಟ್ಟಿಸಿಕೊಳ್ಳಲು 125ನೆಯ ಕಲಮು ಅವಕಾಶ ನೀಡುತ್ತವೆ. ಮಧ್ಯರಾತ್ರಿಯ ಹೊತ್ತಿನಲ್ಲಿ ಈ ಮೂರು ಕಲಮುಗಳ ಪರಿಚಯವಾಗುವುದು ಯಾರಿಗೂ ಬೇಡ.

ದಂಡದ ಮಾತು ಹಾಗಿರಲಿ. ನ್ಯಾಯವಾಗಿ ಸುಂಕ ಕಟ್ಟಿ ತಂದರೂ ಪೆಟ್ಟಿಗೆಯ ದಾರಿ ಲಾಭದಾಯಕವಲ್ಲ ಎಂಬುದನ್ನು ಒಂದು ಲೆಕ್ಕದಿಂದ ತೋರಿಸಬಹುದು. ಪ್ರಯಾಣಿಕರ ಸಾಮಾನಿನ ಮೇಲೆ ಮೂಲ ಸುಂಕ ಶೇ. 35, ಅದರ ಮೇಲೆ ಶೇ. 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಒಟ್ಟು ಶೇ. 38.5 ಎಂದೂ, ಅದೇ ಬಿಡಿಭಾಗಗಳು ಸರಕಿನ ರೂಪದಲ್ಲಿ ಬಂದರೆ ಮೂಲ ಸುಂಕ ಶೇ. 7.5, ಸರ್ಚಾರ್ಜ್ ಶೇ. 0.75, ಐ.ಜಿ.ಎಸ್.ಟಿ. ಶೇ. 18 ಎಂದೂ ಲೆಕ್ಕದ ಸಲುವಾಗಿ ಹಿಡಿಯಬಹುದು.

ಪೆಟ್ಟಿಗೆಯಲ್ಲಿ ತಂದರೆ: ಬೆಲೆ 60,000 ರೂ.; ಸುಂಕ 23,100 ರೂ. ಈ ಮೊತ್ತದಲ್ಲಿ ಒಂದು ರೂಪಾಯಿಯೂ ತೆರಿಗೆ ಜಮೆಯಾಗಿ ಮರಳುವುದಿಲ್ಲ. ಸಾಮಾನಿನ ಸುಂಕದ ರಸೀದಿಯು ಜಿ.ಎಸ್.ಟಿ. ಜಮೆಗೆ ಆಧಾರವಲ್ಲ.

ವಿಮಾನ ಸರಕು ಅಥವಾ ಕೊರಿಯರ್ ಮೂಲಕ ತರಿಸಿದರೆ: ಬೆಲೆ 60,000 ರೂ.; ಮೂಲ ಸುಂಕ 4,500 ರೂ.; ಸರ್ಚಾರ್ಜ್ 450 ರೂ.; ಈ ಮೂರರ ಮೊತ್ತವಾದ 64,950 ರೂ. ಮೇಲೆ ಐ.ಜಿ.ಎಸ್.ಟಿ. 11,691 ರೂ. ಕಟ್ಟುವ ಒಟ್ಟು ಹಣ 16,641 ರೂ. ಇದರಲ್ಲಿ 11,691 ರೂ. ಬಿಲ್ ಆಫ್ ಎಂಟ್ರಿಯ ಆಧಾರದ ಮೇಲೆ ನೋಂದಾಯಿತ ವರ್ತಕರ ಖಾತೆಗೆ ಜಮೆಯಾಗಿ ಬರುತ್ತದೆ. ನಿಜವಾದ ಸುಂಕದ ಹೊರೆ 4,950 ರೂ. ಮಾತ್ರ.

ಸಾಗಣೆ ಮತ್ತು ಕ್ಲಿಯರಿಂಗ್ ಏಜೆಂಟರ ಖರ್ಚನ್ನು ಇದಕ್ಕೆ ಕೂಡಿಸಬೇಕು. ಆ ಖರ್ಚು 18,150 ರೂಪಾಯಿಗಿಂತ ಕಡಿಮೆ ಇರುವವರೆಗೆ ಸರಕಿನ ದಾರಿಯೇ ಅಗ್ಗ. ಇದಕ್ಕೆ ಬೇಕಾದುದು ಆಮದು-ರಫ್ತು ಸಂಕೇತ ಸಂಖ್ಯೆ. ಜಿ.ಎಸ್.ಟಿ. ಬಂದ ಬಳಿಕ ಸಂಸ್ಥೆಯ ಪ್ಯಾನ್ ಸಂಖ್ಯೆಯೇ ಈ ಸಂಕೇತವೂ ಆಗಿದೆ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ 500 ರೂಪಾಯಿ ಶುಲ್ಕ ಕಟ್ಟಿ ಪಡೆಯಬಹುದಾದ ಇದನ್ನು ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ದೃಢಪಡಿಸಬೇಕು. ಮೇಳಕ್ಕೆ ಹೋಗುವ ಮೊದಲೇ ಇದು ಕೈಯಲ್ಲಿರಬೇಕು.

ಕೇವಲ ತೋರಿಕೆಗಾಗಿ ತರುವ ನಿಜವಾದ ವಾಣಿಜ್ಯ ಮಾದರಿಗಳಿಗೆ ಸುಂಕ ಕಾನೂನಿನಲ್ಲಿ ಪ್ರತ್ಯೇಕ ವಿನಾಯಿತಿ ಇದೆ. ಆದರೆ ಷರತ್ತುಗಳಿಗೆ ಒಳಪಟ್ಟ ಆ ವಿನಾಯಿತಿಯನ್ನು ಕೆಂಪು ದಾರಿಯಲ್ಲಿ ಕೇಳಿಯೇ ಪಡೆಯಬೇಕು. ಪೂರೈಕೆದಾರರು ‘ಮಾದರಿ, ಮಾರಾಟಕ್ಕಲ್ಲ’ ಎಂದು ನಮೂದಿಸಿ, ಬೆಲೆಯನ್ನೂ ಕಾಣಿಸಿ ಕೊಟ್ಟ ಬಿಲ್ಲು ಆಗ ನೆರವಿಗೆ ಬರುತ್ತದೆ. ಘೋಷಣೆಯನ್ನು ‘ಅತಿಥಿ’ ಎಂಬ ಸುಂಕ ಇಲಾಖೆಯ ಆ್ಯಪ್ ಮೂಲಕ ಮುಂಚಿತವಾಗಿಯೇ ಸಲ್ಲಿಸಬಹುದು.

ಹಣದ ವಿಷಯವೂ ಇಲ್ಲಿಯೇ ಬರುತ್ತದೆ. ಕೈಯಲ್ಲಿರುವ ವಿದೇಶಿ ನೋಟುಗಳು 5,000 ಅಮೆರಿಕನ್ ಡಾಲರ್ ಮೀರಿದ್ದರೆ, ಅಥವಾ ನೋಟು ಮತ್ತು ಪ್ರವಾಸಿ ಚೆಕ್ಕುಗಳು ಸೇರಿ 10,000 ಡಾಲರ್ ಮೀರಿದ್ದರೆ, ಅದನ್ನು ಘೋಷಿಸಬೇಕು. ಭಾರತದ ನೋಟುಗಳನ್ನು 25,000 ರೂಪಾಯಿವರೆಗೆ ಮರಳಿ ತರಬಹುದು. ಉಳಿದ ವಿದೇಶಿ ನೋಟುಗಳನ್ನು ಮರಳಿದ 180 ದಿನಗಳೊಳಗೆ ಅಧಿಕೃತ ವಿನಿಮಯದಾರರಿಗೆ ಒಪ್ಪಿಸತಕ್ಕದ್ದು. ಮುಂದಿನ ಪ್ರವಾಸಕ್ಕೆಂದು 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅನುಮತಿ ಇದೆ. ಬಂದ ದಿನವೇ ನಗದು ಎಷ್ಟಿದೆಯೆಂದು ಎಣಿಸಿ ಬರೆದಿಟ್ಟರೆ ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ತೊಡಕಾಗದು.

4. ನಾಲ್ಕನೆಯ ಬಾಗಿಲು: ಊರಿನ ದಾರಿ

ನಿಲ್ದಾಣದ ಹೊರಗೆ ಬಂದ ಪ್ರಯಾಣಿಕರಿಗೆ ಬಿ.ಎಂ.ಟಿ.ಸಿ.ಯ ವಾಯು ವಜ್ರ ಬಸ್ಸುಗಳು, ಟ್ಯಾಕ್ಸಿಗಳು ಮತ್ತು ಊರಿನಿಂದ ತರಿಸಿದ ಕಾರು ಎಂಬ ಮೂರು ಆಯ್ಕೆಗಳಿರುತ್ತವೆ. ವಾಯು ವಜ್ರದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವಾದ ಮೆಜೆಸ್ಟಿಕ್ ತಲುಪಿದರೆ, ಅಲ್ಲಿಂದ ಹೊಸಪೇಟೆ ಕಡೆಯ ಬಸ್ಸುಗಳು ದೊರೆಯುತ್ತವೆ. ಆದರೆ ಕಾರಿನಲ್ಲಿ ಹೋಗುವವರು ಬೆಂಗಳೂರು ನಗರದೊಳಗೆ ಪ್ರವೇಶಿಸುವ ಅಗತ್ಯವೇ ಇಲ್ಲ. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮಾರ್ಗವಾಗಿ ಬಂದರೆ ತುಮಕೂರಿಗೆ ಮೊದಲೇ ರಾಷ್ಟ್ರೀಯ ಹೆದ್ದಾರಿ 48 ಸಿಗುತ್ತದೆ. ಶಿರಾ, ಹಿರಿಯೂರು ದಾಟಿ ಚಿತ್ರದುರ್ಗ ಸೇರುವವರೆಗೆ ಐದೂ ಊರುಗಳವರ ದಾರಿ ಒಂದೇ. ಅಲ್ಲಿಂದ ಮುಂದೆ ಪ್ರತಿ ಊರಿನ ಲೆಕ್ಕ ಬೇರೆ.

ಕೂಡ್ಲಿಗಿ: ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50, ಅಂದರೆ ಹಳೆಯ ಸಂಖ್ಯೆಯ 13, ಕೂಡ್ಲಿಗಿಯ ಮೇಲೆ ಹಾದುಹೋಗುತ್ತದೆ. ರೈಲಿನ ಸೌಕರ್ಯ ಇಲ್ಲ. ರಾತ್ರಿ ಬಸ್ಸಿನಲ್ಲಿ ಬರುವವರು, ಬಸ್ಸು ಪಟ್ಟಣದೊಳಗೆ ಬರುವುದೋ ಹೆದ್ದಾರಿಯ ಬದಿಯಲ್ಲೇ ಇಳಿಸುವುದೋ ಎಂದು ನಿರ್ವಾಹಕರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳಿತು. ಪೆಟ್ಟಿಗೆಗಳೊಡನೆ ನಸುಕಿನಲ್ಲಿ ಹೆದ್ದಾರಿಯ ಬದಿಯಲ್ಲಿ ನಿಲ್ಲುವುದು ಕ್ಷೇಮಕರವಲ್ಲ.

ಕೊಟ್ಟೂರು: ಕೂಡ್ಲಿಗಿಯವರೆಗೆ ಮೇಲಿನ ದಾರಿ, ಅಲ್ಲಿಂದ ಪಶ್ಚಿಮಕ್ಕೆ ತಿರುಗಬೇಕು. ಹೊಸಪೇಟೆ-ಕೊಟ್ಟೂರು-ಹರಿಹರ ರೈಲು ಮಾರ್ಗವೂ ಇದೆ.

ಹಗರಿಬೊಮ್ಮನಹಳ್ಳಿ: ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಯಲಹಂಕದ ಮಾರ್ಗವಾಗಿ ಗುಂತಕಲ್ಲು, ಬಳ್ಳಾರಿ ದಾಟಿ ಬೆಳಗ್ಗೆ ಹೊಸಪೇಟೆಗೆ ಬರುತ್ತದೆ. ಅಲ್ಲಿಂದ ಮರಿಯಮ್ಮನಹಳ್ಳಿ ಮೂಲಕ ಬಸ್ಸು ಅಥವಾ ರೈಲು. ಸಂಜೆಯ ಮೊದಲೇ ವಿಮಾನ ಇಳಿಯುವವರಿಗೆ ಮಾತ್ರ ಈ ದಾರಿ ಹೊಂದುತ್ತದೆ.

ಹರಪನಹಳ್ಳಿ: ಈ ಊರಿನವರಿಗೆ ದಾವಣಗೆರೆ ಮತ್ತು ಹರಿಹರಗಳೇ ಹತ್ತಿರದ ದೊಡ್ಡ ರೈಲು ನಿಲ್ದಾಣಗಳು. 2023ರ ಜೂನ್‌ನಲ್ಲಿ ಆರಂಭವಾದ ಬೆಂಗಳೂರು-ಧಾರವಾಡ ವಂದೇ ಭಾರತ್ ರೈಲಿಗೆ ಯಶವಂತಪುರದಲ್ಲಿಯೂ ದಾವಣಗೆರೆಯಲ್ಲಿಯೂ ನಿಲುಗಡೆ ಇದೆ. ಅದು ಬೆಂಗಳೂರನ್ನು ಬಿಡುವುದು ನಸುಕಿನಲ್ಲಿ. ಮಧ್ಯರಾತ್ರಿ ಇಳಿದವರಿಗೆ ಇದು ಅನುಕೂಲ.

ಹೂವಿನಹಡಗಲಿ: ಪಟ್ಟಣಕ್ಕೆ ರೈಲು ಇಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದ್ದರೂ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಅತಿ ದೂರದ ಊರುಗಳಲ್ಲಿ ಇದೂ ಒಂದು. ಹುಬ್ಬಳ್ಳಿಗೆ ಬಂದು ಗದಗ, ಮುಂಡರಗಿ ಮೂಲಕ ಬರುವುದು ಇಲ್ಲಿಯವರಿಗೆ ಪರ್ಯಾಯ ದಾರಿ.

ಹತ್ತಿರದ ಇತರ ವಿಮಾನ ನಿಲ್ದಾಣಗಳ ಬಗ್ಗೆಯೂ ಒಂದು ಮಾತು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವು ನಕ್ಷೆಯಲ್ಲಿ ಕೂಡ್ಲಿಗಿ ಮತ್ತು ಹಗರಿಬೊಮ್ಮನಹಳ್ಳಿಗೆ ಬೆಂಗಳೂರಿಗಿಂತ ಎಷ್ಟೋ ಸಮೀಪ. ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಟ್ರೂಜೆಟ್ ಅಲ್ಲಿಂದ ಹಾರಾಟ ಆರಂಭಿಸಿತು. 2022ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತುಹೋಯಿತು. ಅನಂತರ ಬೇರೆ ಸಂಸ್ಥೆಗಳು ಬಂದವು. 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡ ಶಿವಮೊಗ್ಗ ನಿಲ್ದಾಣವು ಹರಪನಹಳ್ಳಿಯವರಿಗೆ ಇನ್ನೊಂದು ಆಯ್ಕೆ. ಸಣ್ಣ ನಿಲ್ದಾಣಗಳಲ್ಲಿ ದಿನಕ್ಕೆ ಹಾರುವ ವಿಮಾನಗಳು ಬೆರಳೆಣಿಕೆಯಷ್ಟು. ಒಂದು ರದ್ದಾದರೆ ಮುಂದಿನದಕ್ಕೆ ಒಂದು ದಿನ ಕಾಯಬೇಕಾದೀತು. ಆದ್ದರಿಂದ ಇಂಥ ಟಿಕೆಟ್ಟನ್ನು ಕೊಳ್ಳುವಾಗ ರಸ್ತೆಯ ಪರ್ಯಾಯವನ್ನೂ ಯೋಚಿಸಿಟ್ಟಿರತಕ್ಕದ್ದು.

5. ಕಾರಿನ ಬಾಡಿಗೆ ಮತ್ತು ನಿದ್ದೆಯ ಬೆಲೆ

ಊರಿನಿಂದ ಕಾರು ತರಿಸುವಾಗ ಅದರ ಬಾಡಿಗೆ ಎರಡು ದಿಕ್ಕಿನದೆಂಬುದನ್ನು ಮರೆಯಬಾರದು. ಕಿಲೋಮೀಟರಿಗೆ 14 ರೂಪಾಯಿ ಎಂದು ಹಿಡಿದರೂ, ಬರಿದಾಗಿ ಬಂದ 300 ಮತ್ತು ತುಂಬಿ ಹೋದ 300, ಒಟ್ಟು 600 ಕಿಲೋಮೀಟರಿಗೆ 8,400 ರೂಪಾಯಿ ಆಗುತ್ತದೆ. ಟೋಲು, ಚಾಲಕರ ಬತ್ತೆ ಇವು ಬೇರೆ. ಮೇಳದಿಂದ ಮೂವರು ವರ್ತಕರು ಒಟ್ಟಿಗೆ ಮರಳಿದರೆ ಇದು ಸಹನೀಯ. ಒಬ್ಬರೇ ಆದರೆ ರೈಲು ಅಥವಾ ಬಸ್ಸಿನಲ್ಲಿ ದಾವಣಗೆರೆ, ಚಿತ್ರದುರ್ಗ ಅಥವಾ ಹೊಸಪೇಟೆಯವರೆಗೆ ಬಂದು, ಕಾರನ್ನು ಅಲ್ಲಿಗೆ ಮಾತ್ರ ಕರೆಸಿಕೊಳ್ಳುವುದು ಮಿತವ್ಯಯ.

ಹಣಕ್ಕಿಂತ ದೊಡ್ಡ ಸಂಗತಿ ಮತ್ತೊಂದಿದೆ. ಉದಾಹರಣೆಯ ಕಾರು ಬೆಳಗ್ಗೆ ಕೊಟ್ಟೂರನ್ನು ಬಿಟ್ಟಿದೆ. ವಿಮಾನ ಇಳಿದದ್ದು ರಾತ್ರಿ ಹನ್ನೊಂದಕ್ಕೆ. ಮೂರು ಬಾಗಿಲು ದಾಟಿ ಹೊರಡುವಾಗ ಹನ್ನೆರಡೂವರೆ. ಅಂದರೆ ಹದಿನೆಂಟು ಗಂಟೆ ಎಚ್ಚರವಿದ್ದ ಚಾಲಕರು ಲಾರಿಗಳೇ ತುಂಬಿರುವ ಹೆದ್ದಾರಿಯಲ್ಲಿ ಬೆಳಗಿನ ಜಾವದವರೆಗೆ ಕಾರು ಓಡಿಸಬೇಕು. ಹಿಂದಿನ ಆಸನದಲ್ಲಿ ಮಾಲೀಕರು ನಿದ್ರಿಸುತ್ತಾರೆ. ಮುಂದಿನ ಆಸನದಲ್ಲಿಯೂ ನಿದ್ರೆ ಸುಳಿಯುತ್ತದೆ. ಅವಸರವೇ ಅಪಘಾತಕ್ಕೆ ಕಾರಣ ಎಂದು ಲಾರಿಯ ಹಿಂದೆ ಬರೆದಿರುವುದನ್ನು ಎಲ್ಲರೂ ಓದಿದ್ದಾರೆ. ಅದನ್ನು ಖರ್ಚಿನ ಪಟ್ಟಿಯಲ್ಲಿ ಬರೆದವರು ಕಡಿಮೆ. ದೊಡ್ಡಬಳ್ಳಾಪುರದಲ್ಲೋ ತುಮಕೂರಿನಲ್ಲೋ ಲಾಡ್ಜಿನಲ್ಲಿ ಇಬ್ಬರಿಗೂ ಒಂದು ರಾತ್ರಿಯ ವಸತಿ ಕೊಡಿಸಿ ಬೆಳಕು ಹರಿದ ಮೇಲೆ ಹೊರಡುವುದು ದುಂದಲ್ಲ; ವಿಮೆಯ ಕಂತಿನಷ್ಟೇ ನ್ಯಾಯವಾದ ವೆಚ್ಚ. ಗಿರಣಿಯ ಯಂತ್ರವನ್ನು ಹದಿನೆಂಟು ಗಂಟೆ ಬಿಡುವಿಲ್ಲದೆ ಓಡಿಸಲು ಒಪ್ಪದ ಮಾಲೀಕರು ಚಾಲಕರನ್ನು ಹಾಗೆ ದುಡಿಸುವುದು ಸರಿಯಲ್ಲ.

6. ವಿದೇಶಿ ಅತಿಥಿಯನ್ನು ಎದುರುಗೊಳ್ಳುವಾಗ

ಕೊಂಡ ಯಂತ್ರವನ್ನು ಜೋಡಿಸಲು ವಿದೇಶದ ತಂತ್ರಜ್ಞರು ಇಲ್ಲಿಗೆ ಬರುವುದೂ ಉಂಟು. ಅವರು ಪ್ರವಾಸಿ ವೀಸಾದಲ್ಲಿ ಬಾರದೆ ಕೆಲಸಕ್ಕೆ ತಕ್ಕ ವೀಸಾ ಪಡೆದಿರಬೇಕು. 2025ರ ಅಕ್ಟೋಬರ್‌ನಿಂದ ವಿದೇಶಿಯರು ಆಗಮನ ಚೀಟಿಯನ್ನು ಅಂತರ್ಜಾಲದಲ್ಲಿ ಮುಂಚಿತವಾಗಿ ತುಂಬಬಹುದು. ಅಂಥವರನ್ನು ಲಾಡ್ಜಿನಲ್ಲಿ ಇರಿಸದೆ ಗಿರಣಿಯ ಅತಿಥಿಗೃಹದಲ್ಲಿಯೋ ಸ್ವಂತ ಮನೆಯಲ್ಲಿಯೋ ಇರಿಸಿಕೊಂಡರೆ, ಆ ಮಾಹಿತಿಯನ್ನು 24 ಗಂಟೆಗಳೊಳಗೆ ವಿದೇಶಿಯರ ನೋಂದಣಿ ವ್ಯವಸ್ಥೆಗೆ ತಿಳಿಸುವ ಹೊಣೆ ವಸತಿ ನೀಡಿದವರದು. ಆತಿಥ್ಯ ನಮ್ಮ ಕಡೆಯ ಸಂಪ್ರದಾಯ. ವರದಿ ಕಾನೂನಿನ ಅಗತ್ಯ. ಎರಡನ್ನೂ ಪಾಲಿಸತಕ್ಕದ್ದು.

7. ಖರ್ಚಿನ ದಾಖಲೆ

ವಿಮಾನದ ಟಿಕೆಟ್ಟನ್ನು ಕಾಯ್ದಿರಿಸುವಾಗಲೇ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆಯನ್ನು ನಮೂದಿಸಿದರೆ, ವ್ಯಾಪಾರದ ಪ್ರಯಾಣದ ಮೇಲಿನ ತೆರಿಗೆಗೆ ಜಮೆ ಪಡೆಯಬಹುದು. ಪ್ರಯಾಣ ಮುಗಿದ ಮೇಲೆ ಸಂಖ್ಯೆ ಸೇರಿಸಿ ಬಿಲ್ಲು ಬದಲಿಸಿಕೊಡಿ ಎಂದರೆ ಕೇಳುವವರು ಅಪರೂಪ. ಬಾಡಿಗೆ ಕಾರಿನ ತೆರಿಗೆಗೆ ಮಾತ್ರ, ಸಾಮಾನ್ಯ ವರ್ತಕರಿಗೆ, ಜಿ.ಎಸ್.ಟಿ. ಕಾಯಿದೆಯ 17(5)ನೆಯ ಕಲಮಿನ ಪ್ರಕಾರ ಜಮೆ ದೊರೆಯದು. ಆದರೆ ವ್ಯಾಪಾರದ ವೆಚ್ಚವೆಂದು ಲಾಭದಿಂದ ಕಳೆಯಲು ಅಡ್ಡಿಯಿಲ್ಲ. ಒಬ್ಬರಿಗೆ ಒಂದು ದಿನ 10,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಾವತಿಸಿದರೆ ಆದಾಯ ತೆರಿಗೆಯಲ್ಲಿ ಆ ವೆಚ್ಚ ತಿರಸ್ಕೃತವಾಗುತ್ತದೆ. ಟೋಲು, ಬತ್ತೆ ಸೇರಿದರೆ ಮೇಲಿನ ಕಾರಿನ ಬಾಡಿಗೆ ಈ ಮಿತಿಯ ಅಂಚಿಗೆ ಬರುತ್ತದೆ. ಆದ್ದರಿಂದ ಬ್ಯಾಂಕಿನ ಮೂಲಕ ಪಾವತಿಸುವುದು ಲೇಸು. ಟೋಲಿನ ವೆಚ್ಚಕ್ಕೆ ಫಾಸ್ಟ್ಯಾಗ್ ಖಾತೆಯ ವಿವರವೇ ಸಾಕ್ಷಿ. ಮನೆಯವರೂ ಜೊತೆಗೆ ಬಂದಿದ್ದರೆ ಅವರ ಪಾಲಿನ ಖರ್ಚನ್ನು ಸ್ವಂತ ಖಾತೆಗೆ ಬರೆಯತಕ್ಕದ್ದು.

ಮರಳುವ ಮುನ್ನ ನೋಡಿಕೊಳ್ಳಬೇಕಾದ ಪಟ್ಟಿ

(1) ಇಳಿಯುವ ಟರ್ಮಿನಲ್ ಮತ್ತು ವಿಮಾನದ ಸಂಖ್ಯೆಯನ್ನು ಚಾಲಕರಿಗೆ ತಿಳಿಸಿದೆಯೇ?
(2) ಮುಂದಿನ ವಿಮಾನವಿದ್ದರೆ, ಎರಡೂ ಒಂದೇ ಟಿಕೆಟ್ಟಿನಲ್ಲಿವೆಯೇ?
(3) ಮೂಲ ಕಾಗದಗಳು ಕೈಚೀಲದಲ್ಲಿವೆಯೇ?
(4) ವ್ಯಾಪಾರದ ಸರಕು ಪೆಟ್ಟಿಗೆಯಲ್ಲಿ ಬೇರೆಯಾಗಿ, ಬಿಲ್ಲಿನೊಡನೆ ಇದೆಯೇ? ಅದನ್ನು ಕೊರಿಯರ್ ಮೂಲಕ ಕಳುಹಿಸಬಹುದಿತ್ತೇ?
(5) ವಿದೇಶಿ ನೋಟುಗಳನ್ನು ಎಣಿಸಿ ಬರೆದಿಟ್ಟಿದೆಯೇ?
(6) ರಾತ್ರಿ ಇಳಿಯುವುದಾದರೆ ವಸತಿಯ ಏರ್ಪಾಡು ಆಗಿದೆಯೇ?
(7) ಟಿಕೆಟ್ಟಿನಲ್ಲಿ ಜಿ.ಎಸ್.ಟಿ. ಸಂಖ್ಯೆ ಇದೆಯೇ?

ಉದಾಹರಣೆಯ ಗಿರಣಿ ಮಾಲೀಕರು ಈ ಪಟ್ಟಿಯನ್ನು ಗುವಾಂಗ್‌ಝೌ ಹೋಟೆಲಿನಲ್ಲಿಯೇ ಒಮ್ಮೆ ಓದಿದ್ದರೆ, ಬಿಡಿಭಾಗಗಳು ಕೊರಿಯರಿನಲ್ಲಿ ಬರುತ್ತಿದ್ದವು, ಅವರು ನಿಶ್ಚಿಂತೆಯಿಂದ ಹಸಿರು ದಾರಿಯಲ್ಲಿ ನಡೆಯುತ್ತಿದ್ದರು, ಚಾಲಕರು ತುಮಕೂರಿನಲ್ಲಿ ನಿದ್ರಿಸುತ್ತಿದ್ದರು. ಕೊಟ್ಟೂರು ಸೇರುವುದು ಮರುದಿನ ಮಧ್ಯಾಹ್ನವಾಗುತ್ತಿತ್ತು, ಅಷ್ಟೆ. ಅರ್ಧ ದಿನದ ವಿಳಂಬ ಯಾವ ವ್ಯಾಪಾರವನ್ನೂ ಮುಳುಗಿಸಿಲ್ಲ. ವಿದೇಶ ಪ್ರವಾಸದ ಲೆಕ್ಕವನ್ನು ಟಿಕೆಟ್ಟಿನ ಬೆಲೆಯಿಂದಲ್ಲದೆ, ಅಂಗಡಿಯ ಬಾಗಿಲು ತೆರೆದು ಗಾದಿಯ ಮೇಲೆ ಕುಳಿತ ಕ್ಷಣದವರೆಗಿನ ಒಟ್ಟು ವೆಚ್ಚದಿಂದ ಮಾಡುವುದನ್ನು ವರ್ತಕ ಬಾಂಧವರು ರೂಢಿಸಿಕೊಳ್ಳತಕ್ಕದ್ದು.